ಎರಡು ದಿನದ ವಿದ್ಯೆ

ಬೆಳಗಿನ ಹತ್ತು ಗಂಟೆ. ಮಗಳ ಫಿಸಿಯೋಥೆರಪಿ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ತಾಯಿ ಪರದೆಯಾಚೆಗೆ ಕಿವಿಗೊಟ್ಟಿದ್ದಳು. ಮೂವತ್ತು ವರ್ಷ ಅಕ್ಯುಪಂಕ್ಚರ್ ಮಾಡಿದವಳು. ಕೈ ನಡುಗತೊಡಗಿದ ಮೇಲೆ ಸೂಜಿ ಬಿಟ್ಟು ಎರಡು ವರ್ಷವಾಗಿತ್ತು. ಈಗಲೂ ಬಸ್ಸಿನಲ್ಲಿ ಯಾರಾದರೂ ಕತ್ತು ಒತ್ತಿಕೊಂಡರೆ ಅವಳ ಬೆರಳು ತಾನಾಗಿಯೇ ಮುಂದೆ ಸರಿಯುತ್ತಿತ್ತು. ಆ ಕೆಲಸಕ್ಕಾಗಿ ಜೀವ ಹಂಬಲಿಸುತ್ತಿತ್ತು.

ಒಳಗಿದ್ದವನು ಅವಳದೇ ಹಳೆಯ ರೋಗಿ, ಕ್ಷೌರಿಕ. ಬಲಗೈ ಮೇಲೇಳುತ್ತಿರಲಿಲ್ಲ. ಬಿಗಿದ ಸ್ನಾಯುವಿಗೆ ಸೂಜಿ ಚುಚ್ಚಿ ಸಡಿಲಿಸುವ ಡ್ರೈ ನೀಡ್ಲಿಂಗನ್ನು ಮಗಳು ಎರಡು ದಿನದ ತರಬೇತಿಯಲ್ಲಿ ಕಲಿತು ಬಂದಿದ್ದಳು. ಫಿಸಿಯೋಥೆರಪಿಸ್ಟರಿಗೆ ಅದಕ್ಕೆ ಅವಕಾಶ ಕೊಡಬಾರದೆಂದು ತಾಯಿ ಸರ್ಕಾರದ ವೈದ್ಯಕೀಯ ಮಂಡಳಿಗೆ ಬರೆದಿದ್ದ ಮನವಿ ಇನ್ನೂ ಚೀಲದಲ್ಲೇ ಇತ್ತು. ಅದು ಮಗಳ ಕಣ್ಣಿಗೆ ಬಿದ್ದಂದಿನಿಂದ ಮನೆಯಲ್ಲಿ ಇಬ್ಬರದೂ ಎಣ್ಣೆ ಸೀಗೆಕಾಯಿ.

ತಾಯಿ ತಡೆಯಲಾರದೆ ಪರದೆ ಸರಿಸಿದಳು. “ನಾನು ಮೂರು ವರ್ಷ ಕಲಿತೆ. ಹೆಗಲ ಕೆಳಗೇ ಶ್ವಾಸಕೋಶ ಇರೋದು, ಮರೀಬೇಡ.”

“ಐದು ವರ್ಷ ಒಂದೊಂದು ಸ್ನಾಯುನೂ ಓದಿದೀನಮ್ಮ. ಸೂಜಿ ಏನು ನಿಮ್ಮೋರ ಪಿತ್ರಾರ್ಜಿತ ಆಸ್ತಿನಾ?”

ಕ್ಷೌರಿಕ ನಕ್ಕ. “ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತಂತೆ. ಯಾರಾದ್ರೂ ಚುಚ್ಚಿ ತಾಯಿ. ಅಂಗಡೀಲಿ ಸುಮ್ನೆ ಕೂತು ಇನ್ನೊಬ್ಬರ ಕತ್ತರಿ ಸದ್ದು ಕೇಳೋಕೆ ಆಗ್ತಿಲ್ಲ.”

ಆ ಮಾತು ತಾಯಿಯ ಎದೆಗೆ ನಾಟಿತು. ಅವಳ ಪಾಡೂ ಅದೇ ಆಗಿತ್ತು.

ಮಗಳು ಸೂಜಿ ತೆಗೆದು, ಹೆಗಲಿನ ಗಂಟು ಹುಡುಕಿದಳು. ಕೈ ಅಲ್ಲೇ ನಿಂತಿತು. ಸೂಜಿಯನ್ನು ತಟ್ಟೆಗೆ ಹಾಕಿದಳು.

“ಇವತ್ತು ಬೇಡಣ್ಣ. ಶಾಖ ಕೊಟ್ಟು ವ್ಯಾಯಾಮ ಮಾಡಿಸ್ತೀನಿ. ಎರಡು ದಿನದ ಕಲಿಕೆ ನಿಮ್ಮ ಹೆಗಲಿಗೆ ಸಾಲ್ದು.” ತಾಯಿಯ ಕಡೆ ನೋಡದೆಯೇ, “ಕಲಿಸೋರು ಇದ್ದಿದ್ರೆ ಕಲೀತಿದ್ದೆ,” ಎಂದಳು.

ಗೆದ್ದೆ ಎಂದು ತಾಯಿಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ನಾಚಿಕೆಯಾಯಿತು.

ಕ್ಷೌರಿಕ ಹೋದ ಮೇಲೆ ಅವಳು ಮನವಿಯನ್ನು ಬಿಡಿಸಿ, ‘ಅವಕಾಶ ಕೊಡಬಾರದು’ ಎಂಬುದರ ಮುಂಚೆ ಸೊಟ್ಟ ಅಕ್ಷರದಲ್ಲಿ ‘ಪೂರ್ತಿ ಕಲಿಸದೆ’ ಎಂದು ಸೇರಿಸಿದಳು. ಮಗಳಿಗೆ ತೋರಿಸಿದಳು. ಆಮೇಲೆ ಸ್ಟೂಲಿನ ಮೇಲೆ ಕೂತು ಬಟ್ಟೆ ಸರಿಸಿ ಹೆಗಲು ಕೊಟ್ಟಳು.

“ಎರಡು ಬೆರಳಲ್ಲಿ ಮಾಂಸ ಮೇಲೆತ್ತಿ ಹಿಡಿ. ಸೂಜಿ ನಿನ್ನ ಬೆರಳ ಕಡೆಗೇ ಹೋಗ್ಬೇಕು, ಎದೆ ಕಡೆಗಲ್ಲ.”

“ನಿನಗೆ ನೋವಾದ್ರೆ?”

“ಆದ್ರೆ ಹೇಳ್ತೀನಿ. ಅದಕ್ಕೇ ಕೂತಿರೋದು.”

ಮೂವತ್ತು ವರ್ಷ ಊರವರ ಹೆಗಲು ಮುಟ್ಟಿದವಳ ಹೆಗಲನ್ನು ಯಾರಾದರೂ ಮುಟ್ಟಿ ಎಷ್ಟೋ ಕಾಲವಾಗಿತ್ತು. ಮಗಳ ಬೆಚ್ಚಗಿನ ಬೆರಳು ತಾಗಿದೊಡನೆ ಕಣ್ಣು ತುಂಬಿ ಬಂತು.

“ಯಾಕಮ್ಮ ಅಳ್ತೀಯಾ?” ಮಗಳು ಗಾಬರಿಯಾದಳು. “ನಾನಿನ್ನೂ ಚುಚ್ಚೇ ಇಲ್ಲ.”