ಇಲ್ಲಿ ನೀನು ಗಿರಾಕಿ

ನಜರ್‌ಬಾದಿನ ಬಾರ್ ಅಂಡ್ ರೆಸ್ಟೋರೆಂಟೊಂದರಲ್ಲಿ ಸಪ್ಲೈಯರ್ ಕೆಲಸಕ್ಕೆ ಸೇರಿದ್ದನ್ನು ನಯನಾ ಮನೆಯಲ್ಲಿ ಹೇಳಿರಲಿಲ್ಲ. ಅಪ್ಪ ಮಂಟಯ್ಯ, ಮಗಳು ಯಾವುದೋ ಹೋಟೆಲಿನ ಕ್ಯಾಶಿನಲ್ಲಿ ಕೂರುತ್ತಾಳೆ ಎಂದುಕೊಂಡಿದ್ದ. ಅವನು ಕುಡಿತ ಬಿಟ್ಟು ವರ್ಷ ದಾಟಿತ್ತು.

ಅದೇ ವಾರ ಮಾಲೀಕರು ಕರೆಸಿದ್ದ ಸುಷ್ಮಿತಾ ಮೇಡಂ ಬಂದು ಕೆಲಸದವರಿಗೆಲ್ಲ ತರಬೇತಿ ಕೊಟ್ಟಿದ್ದರು. "ಕುಡಿದವರ ಹತ್ರ ವಾದಕ್ಕೆ ಹೋಗ್ಬೇಡಿ. ಮೊದಲು ನೀರು ಕೊಡಿ, ಹೊಟ್ಟೆಗೇನಾದ್ರೂ ಕೊಡಿ. ಸಾಕು ಅನ್ನೋದನ್ನ ಅವರೊಬ್ಬರಿಗೇ ಕೇಳೋ ಹಾಗೆ ಹೇಳಿ. ನಾಲ್ಕು ಜನರ ಮುಂದೆ ಮರ್ಯಾದೆ ಹೋದ್ರೆ ಯಾರೂ ಮಾತು ಕೇಳಲ್ಲ."

ಶನಿವಾರ ಮಧ್ಯಾಹ್ನ ಮೂಲೆಯ ಟೇಬಲಿನಿಂದ ಇನ್ನೊಂದು ಪೆಗ್ಗಿಗೆ ಕೂಗು ಬಂತು. ಆ ಟೇಬಲ್ ನೋಡಿಕೊಳ್ಳುವ ಸಪ್ಲೈಯರ್ ಹರೀಶ ಊಟಕ್ಕೆ ಹೋಗಿದ್ದರಿಂದ ನಯನಾ ಹೋದಳು. ಹೋದವಳು ಅಲ್ಲೇ ನಿಂತುಬಿಟ್ಟಳು. ಕೂತಿದ್ದವನು ಅಪ್ಪ. ಬೆಳಿಗ್ಗೆ ತೀರಿಕೊಂಡ ಗೆಳೆಯ ಮರಿಯಯ್ಯನ ಮಣ್ಣಿಗೆಂದು ಮನೆಯಿಂದ ಹೊರಟಿದ್ದವನು. ಕಣ್ಣು ಕೆಂಪಡರಿತ್ತು. ಸ್ಕೂಟರಿನ ಕೀ ಗ್ಲಾಸಿನ ಪಕ್ಕದಲ್ಲಿತ್ತು.

"ನೀನಾ?" ಎಂದ ಮಂಟಯ್ಯ, ಅವಳ ಏಪ್ರನ್ನನ್ನೂ ಕೈಯ ಟ್ರೇಯನ್ನೂ ನೋಡುತ್ತ.

ಪಕ್ಕದ ಟೇಬಲಿನವರು ತಿರುಗಿದರು. ನಯನಾಳಿಗೆ ಸಿಟ್ಟು, ನಾಚಿಕೆ ಒಟ್ಟಿಗೇ ಉಕ್ಕಿದವು. ಆದರೆ ರೇಗಿದರೆ ಅಪ್ಪ ಎದ್ದು ಹೋಗುತ್ತಾನೆ, ಇದೇ ಸ್ಥಿತಿಯಲ್ಲಿ ಸ್ಕೂಟರ್ ಏರುತ್ತಾನೆ. ಅವಳು ಒಳಗೆ ಹೋಗಿ ನೀರು, ಮೊಸರನ್ನ ತಂದಿಟ್ಟಳು. ಅವನ ಕಿವಿಯ ಬಳಿ ಬಗ್ಗಿದಳು.

"ಇನ್ನು ಸಾಕು ಕಣಪ್ಪ. ಊಟ ಮಾಡು."

"ಬಯ್ಯಲ್ವಾ?"

"ಮನೇಲಿ ಬಯ್ತೀನಿ. ಇಲ್ಲಿ ನೀನು ಗಿರಾಕಿ."

ಮಂಟಯ್ಯನ ತುಟಿ ನಗಲು ಹೋಗಿ ಅದುರಿತು. "ನಾನೂ ಮರಿಯಯ್ಯನೂ ಒಂದೇ ದಿನ ಕುಡಿಯೋದು ಬಿಟ್ಟಿದ್ವಿ ಕಣವ್ವ. ಅವನು ಕೊನೇತನಕ ಮುಟ್ಲಿಲ್ಲ. ಅವನ್ನ ಮಣ್ಣಿಗಿಟ್ಟು ನಾನು ನೇರ ಇಲ್ಗೆ ಬಂದ್ಬುಟ್ಟೆ."

ನಯನಾ ಅವನ ಹೆಗಲ ಮೇಲೆ ಕೈಯಿಟ್ಟಳು. ಸ್ವಲ್ಪ ಹೊತ್ತಿಗೆ ಅವನೇ ಕೀಯನ್ನು ಅವಳ ಕಡೆ ಸರಿಸಿ, ತಟ್ಟೆಗೆ ಕೈಹಾಕಿದ.

ವಿಷಯ ತಿಳಿದ ಮಾಲೀಕರು ಅವಳನ್ನು ಅಪ್ಪನ ಜೊತೆ ಬೇಗ ಕಳಿಸಿದರು. ಆಟೋ ಅಶೋಕಪುರಂನ ಮನೆ ಮುಟ್ಟಿದಾಗ ಅವ್ವ ಬಸವಮ್ಮ ಬಾಗಿಲಲ್ಲೇ ನಿಂತಿದ್ದಳು. ನಯನಾ ಬಾಯಿ ತೆರೆಯುವ ಮೊದಲೇ ಮಂಟಯ್ಯ ಹೇಳಿಬಿಟ್ಟ.

"ಕುಡುದ್ಬುಟ್ಟೆ ಕಣೇ. ಇವಳು ಕೆಲಸ ಮಾಡೋದೂ ಅದೇ ಬಾರ್‌ನಲ್ಲೇ. ಇವಳೇ ಸಾಕು ಅಂದು ಕರ್ಕೊಂಡ್ಬಂದ್ಲು. ಮಗೀಗೆ ಏನೂ ಅನ್ಬೇಡ."

ಬಸವಮ್ಮ ಇಬ್ಬರನ್ನೂ ದಿಟ್ಟಿಸಿದಳು. ಅವಳ ಕಣ್ಣು ತುಂಬಿತು.

"ಮಣ್ಣಿಗೋಗಿ ಬಂದವ್ನು ಅಂಗೇ ಒಳಗೆ ಬರ್ಬೇಡ. ಸ್ನಾನಕ್ಕೆ ನೀರು ಕಾದದೆ," ಎಂದಳು. ಆಮೇಲೆ ಮಗಳ ಕಡೆ ತಿರುಗಿ, "ನೀನೇನಾದ್ರೂ ತಿಂದ್ಯಾ?" ಎಂದು ಕೇಳಿದಳು.