ಇಸ್ತ್ರಿ ಹಲಗೆಗೆ ಲಾಡಿ

ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಬೊಂಬೆ ಕಡೆಯುವ ಖಲಂದರ್ ಸಾಬರಿಗೆ ಮನೆಯಲ್ಲಿ ಏನೇ ಕೆಟ್ಟರೂ ಮದ್ದು ಒಂದೇ: ಬೊಂಬೆಗೆ ಬಣ್ಣ ಹಿಡಿಸುವ ಅರಗು. ಬಿಂದಿಗೆ ಸೋರಿದರೆ ಅರಗು, ಕೊಡೆಯ ಹಿಡಿ ಕಳಚಿದರೆ ಅರಗು, ಹೆಂಡತಿಯ ಬಾಚಣಿಗೆ ಮುರಿದರೂ ಅರಗು. "ನನ್ ಬಾಯಿಗೊಂದು ಇನ್ನೂ ಹಚ್ಚಿಲ್ಲ ನೋಡಿ," ಎಂದು ಆ ಹೆಂಡತಿ ರೋಶನ್ ಬೀಯೇ ನಗುತ್ತಿದ್ದಳು.

ಆ ವರ್ಷ ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ಸಾಬರ ಬೊಂಬೆಗಳು ಆಯ್ಕೆಯಾದವು. ದೊಡ್ಡ ಅಧಿಕಾರಿಗಳ ಮುಂದೆ ಅವರೇ ನಿಂತು ತೋರಿಸಬೇಕು. ಅದಕ್ಕೆಂದು ಮದುವೆಯ ಬಿಳಿ ಶೇರ್ವಾನಿ ಟ್ರಂಕಿನಿಂದ ಹೊರಬಂತು, ಹಪ್ಪಳದ ಹಾಗೆ ಸುಕ್ಕಾಗಿ. ರೈಲು ಮರುದಿನ ಬೆಳಿಗ್ಗೆ.

ಇಸ್ತ್ರಿ ಪೆಟ್ಟಿಗೆ ನನ್ನದು, ಮೈಸೂರಿನಲ್ಲಿ ಬಿ.ಎ. ಓದುವಾಗ ಕೊಂಡದ್ದು. ಹಲಗೆ ಸಾಬರದು, ಅದಕ್ಕೆ ಅವರೇ ಕಡೆದ ಕೆಂಪು ಹಳದಿ ಕಾಲುಗಳು. ಹಲಗೆಯ ಮೇಲೆ ಕಂಬಳಿ, ಕಂಬಳಿಯ ಮೇಲೆ ಹಳೆಯ ದುಪ್ಪಟಿ. ದುಪ್ಪಟಿ ಹಲಗೆಗಿಂತ ಬಹಳ ದೊಡ್ಡದು. ಪೆಟ್ಟಿಗೆ ಎತ್ತ ಓಡಿದರೆ ಅದೂ ಅತ್ತ.

"ಇದೇನ್ ರಾಮಲಿಂಗಯ್ಯ, ನಂಗಿಂತ ಮುಂಚೆ ದುಪ್ಪಟಿನೇ ಮೈಸೂರಿಗೆ ಹೊಂಟೈತೆ! ತಡಿ, ಒಸಿ ಅರಗು ಹಾಕ್ಬುಟ್ರೆ ಕದಲಾಕಿಲ್ಲ," ಎಂದರು ಸಾಬರು ನನಗೆ.

ನಾನು ಇತಿಹಾಸ ಓದಿದವನು. ಗಂಭೀರವಾಗಿ ತಲೆಯಾಡಿಸಿದೆ.

ಸಾಬರು ಕೆಂಪು ಅರಗಿನ ಕಡ್ಡಿ ಕಾಯಿಸಿ ದುಪ್ಪಟಿಯ ಅಂಚುಗಳನ್ನು ಹಲಗೆಯ ಅಡಿಗೆ ಅಂಟಿಸತೊಡಗಿದರು. "ನಡುವೆ ಉಬ್ತೈತೆ," ಎಂದು ಕಂಬಳಿಗೂ ದುಪ್ಪಟಿಗೂ ನಡುವೆ ಉದ್ದಕ್ಕೊಂದು ಅರಗಿನ ಗೆರೆಯನ್ನೂ ಎಳೆದರು. ಆರಿದ ಮೇಲೆ ಬೆರಳಲ್ಲಿ ಬಡಿದರೆ ಹಲಗೆ ತಮಟೆಯಂತೆ ಸದ್ದು ಮಾಡಿತು.

ಅವರು ಶೇರ್ವಾನಿ ಹರಡಿ ಉಜ್ಜತೊಡಗಿದರು. ನನಗೆ ಕೆಲಸವಿಲ್ಲ, ಗಂಟಲಿಗಾದರೂ ಇರಲಿ ಎಂದು ರೋಶನ್ ಬೀಯ ದನಿ ಅನುಕರಿಸಿ ಕೂಗಿದೆ: "ರೀ, ನಮ್ ಮದ್ವೆ ಶೇರ್ವಾನಿ, ಜೋಪಾನ!" ಸಾಬರು ಬೆಚ್ಚಿಬಿದ್ದರು. ಮತ್ತೊಮ್ಮೆ ಕೂಗಿದೆ. ಮತ್ತೆ ಬೆಚ್ಚಿದರು.

"ರೀ, ಏನೋ ಸುಟ್ಟ ವಾಸ್ನೆ!"

"ಸಾಕು ಸುಮ್ನಿರಪ್ಪ," ಎಂದರು ಸಾಬರು, ತಿರುಗಿಯೂ ನೋಡದೆ. "ಅವಳ ಕಾಟನೇ ಹೊರಾಕಾಗಾಕಿಲ್ಲ, ನಿಂದೂ ಬೇರೆ."

"ಕಾಟವಾ?"

ಸುಟ್ಟ ವಾಸನೆ ಎಂದದ್ದೂ ನಾನಲ್ಲ, ಈಗ ಬಾಯಿ ತೆರೆದದ್ದೂ ನಾನಲ್ಲ. ರೋಶನ್ ಬೀ ಒಳಗೆ ಬಂದು ಶೇರ್ವಾನಿಯ ಕೊರಳು ಹಿಡಿದೆತ್ತಿದಳು. ಜೊತೆಗೆ ಹಲಗೆಯೂ ಎದ್ದಿತು, ಕೆಂಪು ಹಳದಿ ಕಾಲುಗಳ ಸಮೇತ.

"ದಿನಾ ಬೆಳಗಾದ್ರೆ ಅರಗು ಕರಗ್ಸೋರು ನೀವು. ಇಸ್ತ್ರಿ ಪೆಟ್ಟಿಗೆಲಿ ಏನು, ಮಜ್ಜಿಗೆ ತುಂಬೈತಾ?"

"ಕೈ ತಾನಾಗೇ ಅರಗಿನ ಕಡೆ ಹೋಯ್ತು ಕಣೆ."

ಅರಗಿನ ಈ ಸಬೂಬು ಆಕೆಗೆ ಅರಗಲಿಲ್ಲ. ತಣ್ಣಗಾದ ಮೇಲೆ ಅರಗನ್ನು ಚಕ್ಕೆಚಕ್ಕೆಯಾಗಿ ಕೆರೆದು ತೆಗೆದಳು. ಆದರೂ ಶೇರ್ವಾನಿಯ ಬೆನ್ನಿನ ಮೇಲೆ ಉದ್ದಕ್ಕೊಂದು ಕೆಂಪು ಗೆರೆ ಉಳಿಯಿತು. ಸಾಬರ ಮುಖ ಸುಕ್ಕಾಯಿತು. ಅದಕ್ಕೆ ಇಸ್ತ್ರಿ ಇರಲಿಲ್ಲ.

"ಇದ್ನ ಹಾಕ್ಕೊಂಡ್ ಹೆಂಗೆ ಹೋಗ್ಲಿ? ಬೊಂಬೆ ಬುಟ್ಟು ನನ್ನೇ ನೋಡ್ತಾರೆ."

ರೋಶನ್ ಬೀ ದುಪ್ಪಟಿಯ ಚೊಕ್ಕ ಭಾಗ ಕತ್ತರಿಸಿ, ಅಂಚು ಸುತ್ತಲೂ ಮಡಿಸಿ ಹೊಲಿದು, ಅದರೊಳಗೆ ಹಳೆಯ ಪೈಜಾಮದ ಲಾಡಿ ತೂರಿಸಿದಳು. ಹಲಗೆಯ ಅಡಿಯಲ್ಲಿ ಎಳೆದು ಗಂಟು ಹಾಕಿದಳು. ಹೊದಿಕೆ ಕೂದಲೆಳೆಯಷ್ಟೂ ಕದಲಲಿಲ್ಲ.

"ಹಲಗೆಗೂ ಪೈಜಾಮ ತೊಡಿಸಿಬಿಟ್ರಲ್ಲ, ಭಾಬಿ!" ಎಂದೆ.

"ನಿಮ್ ಸಾಬರು ದಿನಾ ಕಟ್ಟೋ ಲಾಡಿನೇ, ತಮ್ಮಾ. ಸೊಂಟದ್ ಬುದ್ಧಿ ತಲೆಗೆ ಹತ್ಲಿಲ್ಲ." ಶೇರ್ವಾನಿ ಗರಿಗರಿಯಾಗಿ ಗಂಡನ ಕೈ ಸೇರಿತು. "ಹೋಗ್ಬನ್ನಿ. ಯಾರಿಗೂ ಬೆನ್ ಮಾತ್ರ ತೋರ್ಸ್ಬೇಡಿ."

ಜೊತೆಗೆ ನಾನೂ ಹೋದೆ. ಸಾಬರು ಹೊಸದಾಗಿ ಸುಣ್ಣ ಬಳಿದ ಮಳಿಗೆಯ ಗೋಡೆಗೆ ಬೆನ್ನು ಒತ್ತಿಕೊಂಡೇ ದಿನವೆಲ್ಲ ನಿಂತರು. ಜರಿಪೇಟದ ಅಧಿಕಾರಿಯೊಬ್ಬರು ಮುಂದಕ್ಕೆ ಕರೆದಾಗ ಬಂದು, ಬೊಂಬೆ ತೋರಿಸಿ, ಬಗ್ಗಿ ಸಲಾಮು ಮಾಡುತ್ತ ಹಿಮ್ಮುಖವಾಗಿಯೇ ಗೋಡೆ ಸೇರಿದರು.

"ನೋಡಿದಿರಾ, ದರ್ಬಾರಿನ ರಿವಾಜು! ಈಗಿನವರು ತಟ್ಟನೆ ಬೆನ್ನು ತಿರುಗಿಸಿ ನಡೆದುಬಿಡ್ತಾರೆ," ಎಂದರು ಅಧಿಕಾರಿ. "ನಾಳೆ ಅರಮನೆಯವರು ಬಂದಾಗ ಇವರೇ ಮುಂದೆ ನಿಲ್ಲಲಿ."

ಮರುದಿನವೂ ಸಾಬರು ಹಿಂದೆ ಹಿಂದೆ ನಡೆದೇ ಮುಂದೆ ಬಂದರು.

ಊರಿಗೆ ಮರಳಿದಾಗ ರೋಶನ್ ಬೀ ಬಾಗಿಲಲ್ಲೇ ತಡೆದಳು. "ಯಾರಾರ ನೋಡಿದ್ರಾ?"

"ಒಂದ್ ನರಪಿಳ್ಳೆ ಇಲ್ಲ!" ಎಂದು ಸಾಬರು ಜಂಬದಿಂದ ಬೆನ್ನು ತಿರುಗಿಸಿದರು.

ಮಳಿಗೆಯ ಗೋಡೆಯ ಹಸಿ ಸುಣ್ಣವೆಲ್ಲ ಅಲ್ಲಿತ್ತು. ಕೆಂಪು ಗೆರೆ ಅದರಡಿ ಮುಚ್ಚಿಹೋಗಿ, ಹುಡುಕಿದರೂ ಸಿಗಲಿಲ್ಲ. ರೋಶನ್ ಬೀ ಸೆರಗು ಬಾಯಿಗೆ ಒತ್ತಿಕೊಂಡು ನನ್ನ ಕಡೆ ನೋಡಿ, ಹೇಳಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದಳು.