ಮಗ್ಗದ ಖೋಲಿಯಲ್ಲಿ ಅವ್ವನ ಮುಖ

ನಾನು ಬೆಟಗೇರಿಯ ಒಂದು ಮನೆಯ ಹಿತ್ತಲಲ್ಲಿ ನಿಂತಿರುವ ಶೆಡ್ಡು. ಹಿತ್ತಲ ಶೆಡ್ಡಿಗೆ ಎಂಥ ಆತ್ಮಕಥೆ ಎಂದು ನೀವು ನಗಬಹುದು. ನಗಿ, ನನಗೇನೂ ಬೇಸರವಿಲ್ಲ. ಕಟ್ಟಿದವರೇ ನನಗೊಂದು ಹೆಸರಿಡಲಿಲ್ಲ. ಮಗ್ಗ ಇದ್ದಷ್ಟು ದಿನ ಮಗ್ಗದ ಖೋಲಿ ಎಂದರು, ಮಗ್ಗ ಹೋದ ಮೇಲೆ ಹಾಳು ಖೋಲಿ ಎಂದರು. ಆದರೆ ಈ ಮನೆಯವರು ಮರೆತ ಒಂದು ಮುಖವನ್ನು ನಾನು ಅರವತ್ತು ವರ್ಷ ಮರೆಯದೆ ಇಟ್ಟುಕೊಂಡಿದ್ದೇನೆ. ಅದಕ್ಕಾಗಿ ಈ ಮಾತು.

ನನ್ನನ್ನು ಕಟ್ಟಿದವನು ನೇಕಾರ ಗುರುಸಿದ್ದಪ್ಪ. ಗೋಡೆಗೆ ಕೆಸರು ತುಳಿದವಳು ಅವನ ಹೆಂಡತಿ ಸಕ್ರವ್ವ. ಹಸಿ ಇಟ್ಟಿಗೆಯ ಗೋಡೆ, ಮೇಲೆ ತಗಡು, ಒಂದೇ ಒಂದು ಕಿರುಕಿಟಕಿ. ನೆಲದ ನಡುವೆ ಸೊಂಟದಾಳದ ಒಂದು ಕುಣಿ. ಕುಣಿಮಗ್ಗ ನೋಡದವರಿಗಾಗಿ ಹೇಳುತ್ತೇನೆ: ನೇಯುವವರು ಕುಣಿಯ ಅಂಚಿನಲ್ಲಿ ಕೂತು ಕಾಲನ್ನು ಕೆಳಗೆ ಇಳಿಬಿಡುತ್ತಾರೆ. ಕಾಲು ಕುಣಿಯೊಳಗಿನ ಹಲಗೆ ತುಳಿಯುತ್ತದೆ, ಕೈ ಮೇಲೆ ಲಾಳಿ ಓಡಿಸುತ್ತದೆ. ಅಷ್ಟೇ ಅದರ ಗುಟ್ಟು. ನಾಲ್ಕೇ ವರ್ಷದಲ್ಲಿ ಹತ್ತಿಯ ಧೂಳು ಕುಡಿದು ಗುರುಸಿದ್ದಪ್ಪನಿಗೆ ದಮ್ಮು ಹತ್ತಿತು. ಆಮೇಲೆ ಮಗ್ಗಕ್ಕೆ ಕೂತವಳು ಸಕ್ರವ್ವನೇ.

ಅವಳಿಗೆ ಇಬ್ಬರು ಮಕ್ಕಳು, ವಿರೂಪಾಕ್ಷಿ ಮತ್ತು ಸುಲೋಚನಾ. ಹೊರಗೆ ಬಿಟ್ಟರೆ ಬಿಸಿಲಿಗೆ ಓಡುತ್ತವೆ ಎಂದು ಅವಳು ಇಬ್ಬರನ್ನೂ ಕುಣಿಯೊಳಗೆ ತನ್ನ ಕಾಲ ಪಕ್ಕಕ್ಕೆ ಇಳಿಸಿಕೊಳ್ಳುತ್ತಿದ್ದಳು. ಅವು ಅಲ್ಲಿ ಹರಿದ ನೂಲಿನ ತುಂಡು ಆಯ್ದು ಆಡುತ್ತಿದ್ದವು, ಜಗಳಾಡುತ್ತಿದ್ದವು, ಅಲ್ಲೇ ಒರಗಿ ನಿದ್ದೆಯನ್ನೂ ಮಾಡುತ್ತಿದ್ದವು. ಲಾಳಿಯ ಸದ್ದಿಗೆ ಮಕ್ಕಳು ಹೇಗೆ ಮಲಗುತ್ತಿದ್ದವೋ ನನಗೆ ಇವತ್ತಿಗೂ ಅಚ್ಚರಿ.

ಸಕ್ರವ್ವ ಫೋಟೋ ತೆಗೆಸಿಕೊಳ್ಳಲಿಲ್ಲ. ಓಣಿಗೆ ಒಮ್ಮೆ ಫೋಟೋದವನು ಬಂದಾಗ ಗುರುಸಿದ್ದಪ್ಪ ಕರೆದರೆ, ಅವಳು ಇಲ್ಲಿಂದಲೇ ಕೂಗಿದಳು: "ಬ್ಯಾಡಪಾ, ಫೋಟೋ ತಗಿಸಿದ್ರ ಆಯುಷ್ಯ ಕಮ್ಮಿ ಆಗತೈತಂತ. ನನ್ನ ಮಕ್ಕಳು ಸಣ್ಣಾವ ಅದಾವ." ಅಯ್ಯೋ, ಅವಳ ಎಚ್ಚರಿಕೆಯೇ! ಅದೇ ಶ್ರಾವಣದಲ್ಲಿ ಜ್ವರ ಬಂತು, ಮೂರು ದಿನದಲ್ಲಿ ಹೋಗಿಬಿಟ್ಟಳು. ಆಗ ವಿರೂಪಾಕ್ಷಿಗೆ ಒಂಬತ್ತು, ಸುಲೋಚನಾಗೆ ನಾಲ್ಕು. ಮಗ್ಗದ ಮೇಲೆ ಅರ್ಧ ಸೀರೆ ಹಾಗೇ ಉಳಿದಿತ್ತು. ನನಗೆ ಅಳು ಬರುವುದಿಲ್ಲ, ಬರುವಂತಿದ್ದರೆ ಆವತ್ತು ಅಳುತ್ತಿದ್ದೆ.

ಮುಂದೆ ಗುರುಸಿದ್ದಪ್ಪನೂ ಹೋದ. ವಿರೂಪಾಕ್ಷಿ ಬೆಳೆದು ವಿರೂಪಾಕ್ಷಪ್ಪನಾಗಿ, ಅದೇ ಕುಣಿಗೆ ಕಾಲು ಇಳಿಬಿಟ್ಟು ಮೂವತ್ತು ವರ್ಷ ನೇಯ್ದ. ಸುಲೋಚನಾ ಓದಿ, ಗದಗಿನ ಹೆಣ್ಣುಮಕ್ಕಳ ಸಾಲೆಗೆ ಚಿತ್ರ ಕಲಿಸುವ ಅಕ್ಕೋರಾದಳು. ಮದುವೆ ಬೇಡ ಎಂದು ಕೂತಳು, ಅಣ್ಣನ ಮನೆಯಲ್ಲೇ ಉಳಿದಳು. ಪವರ್‌ಲೂಮ್ ಬಂದ ಮೇಲೆ ನಮ್ಮ ಮಗ್ಗ ಕೇಳುವವರಿಲ್ಲದೆ ಬಿಚ್ಚಿ ಹೋಯಿತು. ನನ್ನೊಳಗೆ ಮುರಿದ ಸೈಕಲ್ಲು, ಸಿಮೆಂಟಿನ ಖಾಲಿ ಚೀಲ, ತೂತು ಬಿದ್ದ ಕೊಡ ಬಂದು ಕೂತವು. ಕುಣಿಯಲ್ಲಿ ಒಂದು ಕೋಳಿ ಕಾವಿಗೆ ಕೂತದ್ದೂ ಉಂಟು. ಆ ವರ್ಷಗಳ ಬಗ್ಗೆ ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ.

ಸುಲೋಚನಾ ನಿವೃತ್ತಳಾದ ವರ್ಷ ವಿರೂಪಾಕ್ಷಪ್ಪನಿಗೆ ಮರೆವು ಶುರುವಾಯಿತು. ಮೊದಲು ಕನ್ನಡಕ ಮರೆತ, ಆಮೇಲೆ ಓಣಿ ಮರೆತ, ಒಂದು ದಿನ ಹೆಂಡತಿ ಮಹಾನಂದಾಳನ್ನು "ನೀವು ಯಾರ ಪೈಕಿ?" ಎಂದು ಕೇಳಿದ. ಅವಳು ಬಂದು ನನ್ನ ಗೋಡೆಗೆ ಹಣೆ ಹಚ್ಚಿ ಅತ್ತಳು. ಆಗಲೇ ಸುಲೋಚನಾಗೆ ಹೊಳೆದದ್ದು. ಅವ್ವನ ಮುಖ ಕಂಡು ನೆನಪಿಟ್ಟವನು ಈ ಲೋಕದಲ್ಲಿ ಅಣ್ಣನೊಬ್ಬನೇ. ಅವನು ಮರೆತರೆ ಅವ್ವ ಇನ್ನೊಮ್ಮೆ ಸತ್ತಂತೆ. ಪ್ರತಿವರ್ಷ ಹಿರಿಯರ ಅಮಾವಾಸ್ಯೆಗೆ ಎಲ್ಲರ ಮನೆಯಲ್ಲೂ ಫೋಟೋ ಇಟ್ಟು ಎಡೆ ಹಿಡಿಯುತ್ತಾರೆ, ಈ ಮನೆಯಲ್ಲಿ ಮಾತ್ರ ಅವ್ವನ ಒಂದು ಮಡಿಸಿದ ಸೀರೆಗೆ.

"ವೈನಿ, ಈ ಖೋಲಿ ನನಗ ಕೊಡ್ರಿ. ಚಿತ್ರ ಬರಿಯಾಕ," ಎಂದಳು ಸುಲೋಚನಾ.

"ತಗೋ ತಾಯಿ, ಆದ್ರ ಹೆಗ್ಗಣ ಓಡಿಸೂದು ನಿಂದ ಕೆಲಸ," ಎಂದಳು ಮಹಾನಂದಾ. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಯಾರೋ ನಕ್ಕರು.

ಗವಂಡಿ ಇಮಾಮಸಾಬ ಬಂದ. ಸಾಮಾನೆಲ್ಲ ಹೊರಗೆ ಹೋಯಿತು. ತಗಡಿನಲ್ಲಿ ಎರಡು ಹಾಳೆ ತೆಗೆದು ಬೆಳಕು ಬೀಳುವ ಬಿಳಿ ಶೀಟು ಹಾಕಿದ. ಬಡಗು ಗೋಡೆ ಒಡೆದು ದೊಡ್ಡ ಕಿಟಕಿ ಇಟ್ಟ. ಗೋಡೆಗೆ ಸುಣ್ಣ ಬಳಿದ. ನನಗೆ ಮೈಯೆಲ್ಲ ನೋವು, ಆದರೂ ಒಳಗೊಳಗೇ ಹಿಗ್ಗು. ನನ್ನನ್ನು ಕೇಳಿ ಬಂದವರನ್ನು ಕಂಡು ಅದೆಷ್ಟು ವರ್ಷವಾಗಿತ್ತು!

"ಅಕ್ಕೋರ, ಈ ಕುಣಿ ಏನ್ ಮಾಡೂದ್ರಿ?" ಎಂದು ಕೇಳಿದ ಇಮಾಮಸಾಬ.

"ಮುಚ್ಚಿಬಿಡ್ರಿ ಸಾಬರ. ಅಣ್ಣ ಇತ್ತಿತ್ತಲಾಗ ಎಲ್ಲೆಲ್ಲೋ ಕಾಲಿಡತಾನ, ಬಿದ್ದಗಿದ್ದಾನು."

ತಪ್ಪು ಅಂದರೆ ಅದೇ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ತಪ್ಪು. ಮಣ್ಣು ತುಂಬಿ, ದಮ್ಮಸು ಹೊಡೆದು, ಮೇಲೆ ನುಣುಪಾದ ಟೈಲ್ಸ್ ಹಾಸಿದರು. ಬೇಡ, ಬೇಡ ಎಂದು ನಾನು ಹೇಗೆ ಹೇಳಲಿ? ಗಾಳಿ ಬಂದಾಗ ತಗಡು ಬಡಿದೆ. ಇಮಾಮಸಾಬ ಮೇಲೆ ಹತ್ತಿ ಇನ್ನೆರಡು ಮೊಳೆ ಹೊಡೆದ.

ಸುಲೋಚನಾ ಸ್ಟ್ಯಾಂಡಿನ ಮೇಲೆ ಕ್ಯಾನ್ವಾಸ್ ಇಟ್ಟು ಬರೆಯತೊಡಗಿದಳು. ಅವಳಿಗೆ ಅವ್ವನ ಮುಖ ನೆನಪಿಲ್ಲ. ನಾಲ್ಕು ವರ್ಷದ ಮಗುವಿಗೆ ಏನು ನೆನಪಿದ್ದೀತು? ಓಣಿಯವರೆಲ್ಲ "ನೀ ಥೇಟ್ ನಿಮ್ಮವ್ವನಂಗ" ಎನ್ನುತ್ತಿದ್ದರಂತೆ. ಅದನ್ನೇ ನಂಬಿ ಪಕ್ಕದಲ್ಲಿ ಕನ್ನಡಿ ಇಟ್ಟುಕೊಂಡು, ತನ್ನ ಮುಖ ನೋಡಿ ನೋಡಿ, ಸುಕ್ಕು ತೆಗೆದು, ಮೂಗುಬೊಟ್ಟು ಇಟ್ಟು ಬರೆದಳು. ಕೈಯೇನೋ ಪಳಗಿದ ಕೈ, ಚಿತ್ರ ಚೆಂದವಿತ್ತು. ಅಣ್ಣನನ್ನು ಕೈಹಿಡಿದು ಕರೆತಂದಳು.

ಅವನು ಹತ್ತಿರ ಹೋಗಿ ಬಗ್ಗಿ ನೋಡಿದ. "ಚೊಲೋ ಐತಿ. ಯಾರ ಈಕಿ?"

"ಅವ್ವ ಅಲ್ಲೇನೋ ಅಣ್ಣಾ?"

"ಅಲ್ಲ, ಅಲ್ಲ. ಯಾರೋ ಸಾಲಿ ಅಕ್ಕೋರ ಇದ್ದಂಗ ಅದಾರ."

ಸುಲೋಚನಾ ಮತ್ತೆ ಬರೆದಳು. ಮೂರು ಬಾರಿ, ನಾಲ್ಕು ಬಾರಿ. ಪ್ರತಿಸಲವೂ ಅವನು ತಲೆ ಅಲ್ಲಾಡಿಸಿದ, ಪ್ರತಿಸಲವೂ ಅವನ ಮಾತು ಮೊದಲಿಗಿಂತ ಕಡಿಮೆಯಾಗಿತ್ತು. ಐದನೆಯ ಸಲ ಅವನು ಚಿತ್ರದ ಕಡೆ ತಿರುಗದೆ ಹೊರಗೆ ನಡೆದ. ಆವತ್ತು ಅವಳು ಕುಂಚ ಎಸೆದು ನೆಲಕ್ಕೆ ಕುಸಿದಳು. "ನನ್ನ ಕೈಲೆ ಆಗೂದಿಲ್ಲ ವೈನಿ. ಊರ ಹುಡುಗಿಯರಿಗೆಲ್ಲ ಮುಖ ಬರಿಯೂದು ಕಲಿಸಿದೆ, ಹೆತ್ತಾಕಿ ಮುಖ ಬರಿಯಾಕ ಬರವಲ್ದು." ಆ ಮುಖ ನನ್ನೊಳಗೇ ಇದೆಯಲ್ಲ, ಮಗಳೇ! ಬಾಯಿಲ್ಲದ ಬಾಳು ಎಂಥ ಬಾಳು ಎಂದು ಆವತ್ತು ನನ್ನನ್ನೇ ಶಪಿಸಿಕೊಂಡೆ.

ಗಮನಿಸಿದ್ದು ಮಹಾನಂದಾ. "ಸುಲೂ, ಇಲ್ಲಿ ನೋಡು. ನಿಮ್ಮಣ್ಣ ಒಳಗ ಬಂದಾಗೊಮ್ಮೆ ಸುತ್ತುಹಾಕಿ ನಡೀತಾನ. ನಡುವ ಕಾಲ ಇಡೂದ ಇಲ್ಲ."

ನಿಜ. ಟೈಲ್ಸ್ ಹಾಸಿ ಸಪಾಟಾಗಿದ್ದ ನೆಲದ ಮೇಲೆ ವಿರೂಪಾಕ್ಷಪ್ಪ ಕುಣಿಯಿದ್ದಷ್ಟು ಜಾಗವನ್ನು ಬಿಟ್ಟು, ಅದರ ಅಂಚನ್ನೇ ಹಿಡಿದು ನಡೆಯುತ್ತಿದ್ದ. ಹೆಂಡತಿಯ ಹೆಸರು ಮರೆತವನ ಕಾಲು ಕುಣಿಯನ್ನು ಮರೆತಿರಲಿಲ್ಲ.

ಸುಲೋಚನಾ ಅಣ್ಣ ನಡೆದ ಆ ಅಂಚಿನಗುಂಟ ತಾನೂ ಒಮ್ಮೆ ನಡೆದು ನೋಡಿದಳು. ಮರುದಿನವೇ ಇಮಾಮಸಾಬನಿಗೆ ಹೇಳಿಕಳಿಸಿದಳು. ಅವನು ತಲೆ ಕೆರೆದುಕೊಂಡ. "ಹಾಸಿ ತಿಂಗಳಾಗಿಲ್ಲರೀ ಅಕ್ಕೋರ. ಒಡಿಯೂದಂದ್ರ..."

"ಒಡೀರಿ ಸಾಬರ. ತಪ್ಪು ನಂದ ಐತಿ."

ಹಾರೆಯ ಒಂದೊಂದು ಪೆಟ್ಟೂ ನನಗೆ ಸುಖವಾಗಿತ್ತು, ನಂಬಿದರೆ ನಂಬಿ. ಮಣ್ಣು ಹೊರಗೆ ಬಂತು, ಕುಣಿ ಬಾಯಿ ತೆರೆಯಿತು. ಅಣ್ಣನನ್ನು ಕರೆತಂದರು. ಯಾರೂ ಹೇಳುವ ಮೊದಲೇ ಅವನು ಅಂಚು ಹಿಡಿದು ಮೆಲ್ಲಗೆ ಒಳಗಿಳಿದ, ಮೊಣಕಾಲು ಮಡಚಿ ಮೂಲೆಗೆ ಒತ್ತಿ ಕೂತ, ತಲೆ ಎತ್ತಿದ. ಅರವತ್ತೈದು ವರ್ಷದ ಮನುಷ್ಯನ ಮುಖ ಒಂದೇ ಗಳಿಗೆಯಲ್ಲಿ ಸಡಿಲವಾಯಿತು.

"ಗದ್ದದ ಕೆಳಗ ಸುಟ್ಟ ಕಲಿ," ಎಂದ. "ಒಲಿ ಕಿಡಿ ಸಿಡದಿತ್ತು. ಮ್ಯಾಲಿಂದ ಕಾಣೂದಿಲ್ಲ."

ಸುಲೋಚನಾ ಕುಣಿಯ ಅಂಚಿಗೆ ಬಂದು ಬಾಗಿದಳು. "ಮತ್ತ ಏನ್ ಕಾಣತೈತಿ ಅಣ್ಣಾ?"

"ಹಲ್ಲಾಗ ನೂಲ ಕಚ್ಚ್ಯಾಳ. ಮೂಗಿನ ಹೊಳ್ಳಿ ಅಗಲ ಆಗ್ಯಾವ. ನಾ ಅತ್ತರ ನೂಲ ಬಿಡೂದಿಲ್ಲ, ಕಣ್ಣಷ್ಟ ಕೆಳಗ ತರತಾಳ."

ಆಗ ಅವಳಿಗೆ ಅರ್ಥವಾಯಿತು. ಇಷ್ಟು ದಿನ ಅವಳು ಅವ್ವನನ್ನು ಎದುರಿಗೆ ಕೂಡಿಸಿಕೊಂಡು ಬರೆದಿದ್ದಳು, ಸರಿಸಮಾನರನ್ನು ನೋಡುವ ಹಾಗೆ. ಮಕ್ಕಳು ಅವ್ವನನ್ನು ಎಂದೂ ಹಾಗೆ ನೋಡಿಯೇ ಇರಲಿಲ್ಲ. ಅವಳ ಮುಖ ಅವರಿಗೆ ಸಿಕ್ಕಿದ್ದೆಲ್ಲ ಕೆಳಗಿನಿಂದ, ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳ ನಡುವಿನಿಂದ. ಸುಲೋಚನಾ ಸೀರೆಯ ಸೆರಗು ಸಿಗಿಸಿಕೊಂಡು ಕುಣಿಗೆ ಇಳಿದು ಅಣ್ಣನ ಪಕ್ಕ ಕೂತಳು. ಮೇಲೆ ನೋಡಿದಳು. ಏನು ಕಂಡಿತೋ ನನಗೆ ಗೊತ್ತಿಲ್ಲ, ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಆ ಚಿತ್ರವನ್ನು ಅವಳು ಕುಣಿಯಲ್ಲೇ ಕೂತು ಹದಿನೆಂಟು ದಿನ ಬರೆದಳು. ಮೊದಲು ಗದ್ದ, ಅದರ ಕೆಳಗೆ ಸುಟ್ಟ ಕಲೆ, ಹಲ್ಲಿನಲ್ಲಿ ನೂಲು, ಅದರ ಮೇಲೆ ಕೆಳಕ್ಕೆ ಹೊರಳಿದ ಎರಡು ಕಣ್ಣು. ನೋಡಿದವರು ಇದೆಂಥ ಮುಖ, ನೆಟ್ಟಗೇ ಇಲ್ಲ ಎಂದಾರು. ನನ್ನನ್ನು ಕೇಳಿದರೆ ಸಕ್ರವ್ವ ಹಾಗೇ ಇದ್ದಳು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಆದರೆ ಅಷ್ಟರಲ್ಲಿ ವಿರೂಪಾಕ್ಷಪ್ಪ ತಂಗಿಯನ್ನೂ ಮರೆತುಬಿಟ್ಟಿದ್ದ. ಹೌದು ಅಥವಾ ಅಲ್ಲ ಎಂದು ಹೇಳಬೇಕಾದವನಿಗೆ ಏನು ಕೇಳುತ್ತಿದ್ದಾರೆ ಎಂಬುದೇ ತಿಳಿಯದಾಗಿತ್ತು.

ನನಗೂ ಈಗ ವಯಸ್ಸಾಗಿದೆ. ಹೊಸ ಸುಣ್ಣದ ಕೆಳಗೆ ಹಳೆಯ ಗೋಡೆ ಪುಡಿಯಾಗುತ್ತಿದೆ, ಇನ್ನೆಷ್ಟು ಮಳೆಗಾಲವೋ. ಕಟ್ಟಿದ್ದು ಯಾತಕ್ಕೆ, ಬಳಕೆಯಾದದ್ದು ಯಾತಕ್ಕೆ ಎಂದು ಕೂತು ಯೋಚಿಸುತ್ತೇನೆ. ಬಟ್ಟೆ ನೇಯಲು ಕಟ್ಟಿದರು, ನೇಯ್ದ ಬಟ್ಟೆಯೆಲ್ಲ ಹರಿದುಹೋಯಿತು. ಉಳಿದದ್ದು ಏನು ಎಂದು ನನಗೆ ತಿಳಿದದ್ದು ಹಿರಿಯರ ಅಮಾವಾಸ್ಯೆಯ ಮಧ್ಯಾಹ್ನ.

ಆವತ್ತು ಚಿತ್ರವನ್ನು ನನ್ನ ಮೂಡಣ ಗೋಡೆಗೆ ಒರಗಿಸಿ, ಹೂವೇರಿಸಿ, ಮುಂದೆ ಹೋಳಿಗೆ, ಕಡುಬು, ಬದನೆಕಾಯಿ ಪಲ್ಯದ ಎಡೆ ಇಟ್ಟರು. ಹಿರಿಯರಿಗೆ ಕಾಯಿ ಒಡೆದು ಕೈಮುಗಿಯುವ ತನಕ ಮನೆಯವರು ಯಾರೂ ತುತ್ತು ಮುಟ್ಟುವಂತಿಲ್ಲ. ಮಹಾನಂದಾ ಗಂಡನನ್ನು ಕೈಹಿಡಿದು ತಂದು ನಿಲ್ಲಿಸಿದಳು. ಅವನು ಚಿತ್ರ ನೋಡಿದ. ನಿಂತವನು ಕೂತ. ಕೂತಲ್ಲಿಂದ ತಲೆ ಎತ್ತಿ ನೋಡಿದ.

"ಯವ್ವಾ," ಎಂದ, "ಹಸಿವಾಗೇತಿ ಬೇ."

ಮಹಾನಂದಾ ಗಾಬರಿಯಾಗಿ ಮುಂದೆ ಬಂದಳು. "ಇನ್ನೂ ಕಾಯಿ ಒಡದಿಲ್ಲ..." ಎನ್ನುವಷ್ಟರಲ್ಲಿ ಸುಲೋಚನಾ ಬಾಗಿ, ಅವ್ವನ ಮುಂದಿದ್ದ ತಟ್ಟೆಯನ್ನೇ ಎತ್ತಿ ಅಣ್ಣನ ಮಡಿಲಿಗೆ ಇಟ್ಟಳು. ಹೋಳಿಗೆ ಮುರಿದು ಬಾಯಿಗೆ ಕೊಟ್ಟಳು. ಅವನು ಅಗಿಯುತ್ತ ಅವಳನ್ನೇ ದಿಟ್ಟಿಸಿದ.

"ನೀವ್ಯಾರ್ರಿ?"

"ನಾನೂ ಅಕೀ ಮಗಳೋ ಅಣ್ಣಾ."

ವಿರೂಪಾಕ್ಷಪ್ಪ ಒಮ್ಮೆ ಚಿತ್ರ ನೋಡಿದ, ಒಮ್ಮೆ ಅವಳನ್ನು ನೋಡಿದ. ಆಮೇಲೆ ಸ್ವಲ್ಪ ಸರಿದು ಜಾಗ ಮಾಡಿ, ತಟ್ಟೆಯನ್ನು ಇಬ್ಬರ ನಡುವೆ ಎಳೆದಿಟ್ಟ.

"ಹಂಗಾರ ಕುಂದ್ರು," ಎಂದ. "ನೀನೂ ಉಣ್ಣು. ಅವ್ವ ನೋಡಾಕತ್ತಾಳ."